ಗಾಯಗೊಂಡ ಜಿಂಕೆಯನ್ನು ಹುಡುಕುವುದು ಹೇಗೆ? ಅಟ್ಟದೆ ಜಾಡು ಹಿಡಿಯುವ ಕ್ರಮ

ಕೆಲವು ವರ್ಷಗಳ ಹಿಂದೆ ಚಳ್ಳಕೆರೆಯಿಂದ ಹಿರಿಯೂರಿಗೆ ಬರುತ್ತಿದ್ದೆವು. ಹೊತ್ತು ಮುಳುಗುವ ಸಮಯ. ಮುಂದಿದ್ದ ಕಾರಿಗೆ ಒಂದು ಹೆಣ್ಣು ಕೃಷ್ಣಮೃಗ ಅಡ್ಡ ಬಂತು. ದಪ್ ಅಂತ ಸದ್ದು. ಕಾರು ನಿಲ್ಲಲಿಲ್ಲ. ಜಿಂಕೆ ಬಿದ್ದು ಎದ್ದು, ಒಂದು ಹಿಂಗಾಲನ್ನು ಜೋತಾಡಿಸಿಕೊಂಡು ಶೇಂಗಾ ಹೊಲಕ್ಕೆ ಇಳಿಯಿತು. ನಾವು ಐದು ಜನ ಅದರ ಹಿಂದೆ ಓಡಿದೆವು. ಉಳಿಸಬೇಕು ಅನ್ನೋದೊಂದೇ ತಲೆಯಲ್ಲಿ ಇದ್ದದ್ದು. ಮೂರು ಹೊಲ ದಾಟಿಸಿ, ಒಂದು ಬದುವಿನ ಹತ್ತಿರ ಅದು ಕುಸಿದು ಬಿದ್ದಾಗ ಹಿಡಿದೆವು. ಅರಣ್ಯ ಇಲಾಖೆಯವರು ಬಂದರು, ಕರೆದುಕೊಂಡು ಹೋದರು. ಬೆಳಗಾಗುವಷ್ಟರಲ್ಲಿ ಅದು ಸತ್ತಿತ್ತು.

ಪಶುವೈದ್ಯರು ಫೋನಿನಲ್ಲಿ ಹೇಳಿದ ಮಾತು ಈಗಲೂ ಕಿವಿಯಲ್ಲಿದೆ. "ಕಾಲು ಮುರಿದಿದ್ದಕ್ಕೆ ಸತ್ತಿಲ್ಲ. ಓಡಿಸಿದ್ದಕ್ಕೆ ಸತ್ತಿದೆ."

ಜಿಂಕೆ ಜಾತಿಯ ಪ್ರಾಣಿಗಳನ್ನು ಅಟ್ಟಿದರೆ, ಹಿಡಿದು ಹೆದರಿಸಿದರೆ, ಮೈಯ ಸ್ನಾಯುಗಳು ಒಳಗೇ ಬೆಂದ ಹಾಗಾಗುತ್ತವೆ. ಕೆಟ್ಟ ಸ್ನಾಯುವಿನ ಅಂಶ ರಕ್ತಕ್ಕೆ ಸೇರುತ್ತದೆ. ಕಿಡ್ನಿಗೂ ಹೃದಯಕ್ಕೂ ಪೆಟ್ಟು ಬೀಳುತ್ತದೆ. ಆ ಕ್ಷಣಕ್ಕೆ ಚೆನ್ನಾಗಿಯೇ ಕಾಣುವ ಪ್ರಾಣಿ ಕೆಲವು ಗಂಟೆ, ಕೆಲವು ಸಲ ಕೆಲವು ದಿನ ಬಿಟ್ಟು ಸಾಯುತ್ತದೆ. ಡಾಕ್ಟರುಗಳು ಇದಕ್ಕೆ ಕ್ಯಾಪ್ಚರ್ ಮಯೋಪತಿ ಅಂತಾರೆ. ಅದಕ್ಕೇ ಈ ಬರಹದ ಉದ್ದಕ್ಕೂ ನಾನು ಹೇಳುವುದು ಒಂದೇ ಮಾತು: ಅಟ್ಟಬೇಡಿ, ಜಾಡು ಹಿಡಿಯಿರಿ. ಎರಡಕ್ಕೂ ಬಹಳ ವ್ಯತ್ಯಾಸ ಇದೆ.

ಇದು ಬೇಟೆಯ ಮಾತಲ್ಲ

ಮೊದಲೇ ಸ್ಪಷ್ಟ ಮಾಡಿಬಿಡುತ್ತೇನೆ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಜಿಂಕೆ ಬೇಟೆ ಅಪರಾಧ. ಕೃಷ್ಣಮೃಗ, ಚಿಂಕಾರ, ಕೊಂಡುಕುರಿ (ನಾಲ್ಕು ಕೊಂಬಿನ ಸಣ್ಣ ಜಿಂಕೆ) ಈ ಮೂರೂ ಹೆಚ್ಚು ರಕ್ಷಣೆ ಇರುವ ಮೊದಲನೇ ಪಟ್ಟಿಯಲ್ಲಿವೆ. ಕೊಂದವರಿಗೆ ಕನಿಷ್ಠ ಮೂರು ವರ್ಷ, ಗರಿಷ್ಠ ಏಳು ವರ್ಷ ಜೈಲು. ಬೇಟೆಗೆ ಅನುಮತಿ ಇರುವ ಬೇರೆ ದೇಶಗಳಲ್ಲಿ ಗುಂಡು ಹೊಡೆದವನು ಗಾಯಗೊಂಡ ಪ್ರಾಣಿಯನ್ನು ಹುಡುಕಲೇಬೇಕು ಅನ್ನೋ ಕಟ್ಟುಪಾಡು ಗಟ್ಟಿಯಾಗಿದೆ. ಅದಕ್ಕಾಗಿ ಅವರು ರಕ್ತದ ಬಣ್ಣ, ಗೊರಸಿನ ಗುರುತು, ಕಾಯುವ ಸಮಯ ಎಲ್ಲವನ್ನೂ ಒಂದು ವಿದ್ಯೆಯ ಹಾಗೆ ಬೆಳೆಸಿದ್ದಾರೆ. ಜರ್ಮನಿಯ ಹ್ಯಾನೋವರ್ ತಳಿಯ ನಾಯಿಗಳನ್ನು ಬೆಳೆಸಿರುವುದೇ ಈ ಕೆಲಸಕ್ಕೆ.

ನಮಗೆ ಆ ವಿದ್ಯೆ ಬೇಕು, ಆದರೆ ಬೇರೆ ಕಾರಣಕ್ಕೆ. ನಮ್ಮ ಕಡೆ ಜಿಂಕೆಗೆ ಗಾಯ ಆಗುವುದು ಹೆದ್ದಾರಿಯಲ್ಲಿ, ಬೀದಿನಾಯಿಗಳಿಂದ, ಮುಳ್ಳುತಂತಿ ಬೇಲಿಯಿಂದ, ಹಂದಿಗೆ ಅಂತ ಕಟ್ಟಿದ ಉರುಳಿನಿಂದ. ಆಗೊಮ್ಮೆ ಈಗೊಮ್ಮೆ ಕಳ್ಳಬೇಟೆಯ ಗುಂಡಿನಿಂದಲೂ ಆಗುತ್ತದೆ. ಇಲಾಖೆಯವರು ಬರುವಷ್ಟರಲ್ಲಿ ಪ್ರಾಣಿ ಕಣ್ಮರೆ ಆಗಿರುತ್ತದೆ. "ಇಲ್ಲೇ ಎಲ್ಲೋ ಹೋಯ್ತು ಸಾರ್" ಅಂದರೆ ಯಾರೂ ಏನೂ ಮಾಡಲಾಗದು. ಅದು ಎಲ್ಲಿ ಮಲಗಿದೆ ಅಂತ ಕೈ ತೋರಿಸುವವರು ಬೇಕು. ಆ ಕೆಲಸ ನೀವು ಮಾಡಬಹುದು.

ಮೊದಲ ಹತ್ತು ನಿಮಿಷ

ನಿಂತಲ್ಲೇ ನಿಲ್ಲಿ. ಪ್ರಾಣಿ ಯಾವ ದಿಕ್ಕಿಗೆ ಹೋಯಿತು, ಕೊನೆಗೆ ಎಲ್ಲಿ ಕಂಡಿತು ನೋಡಿಕೊಳ್ಳಿ. "ಆ ಬೇವಿನ ಮರದ ಎಡಕ್ಕೆ, ಎರಡನೇ ಬದುವಿನ ಹತ್ತಿರ" ಅಂತ ಗಟ್ಟಿಯಾಗಿ ಬಾಯಲ್ಲಿ ಹೇಳಿಕೊಳ್ಳಿ. ಐದು ನಿಮಿಷ ಕಳೆದರೆ ಎಲ್ಲ ಬೇವಿನ ಮರವೂ ಒಂದೇ ಥರ ಕಾಣುತ್ತದೆ. ರಸ್ತೆಯಿಂದ ಒಂದು ಫೋಟೋ ತೆಗೆದುಕೊಳ್ಳಿ, ಫೋನಿನಲ್ಲಿ ಲೊಕೇಶನ್ ಉಳಿಸಿಕೊಳ್ಳಿ.

ಆಮೇಲೆ ಫೋನು. ಅರಣ್ಯ ಇಲಾಖೆಯ ಸಹಾಯವಾಣಿ 1926. ಸಿಗದಿದ್ದರೆ 112. ಪಶು ಚಿಕಿತ್ಸೆಯ ಆಂಬುಲೆನ್ಸಿಗೆ 1962. ರಾಷ್ಟ್ರೀಯ ಹೆದ್ದಾರಿಯಲ್ಲಿ ಆಗಿದ್ದರೆ 1033ಕ್ಕೂ ತಿಳಿಸಿ, ರಸ್ತೆಯಲ್ಲಿ ಬಿದ್ದಿರುವ ಪ್ರಾಣಿಯಿಂದ ಇನ್ನೊಂದು ಅಪಘಾತ ಆಗಬಾರದು. ಯಾವ ತಾಲ್ಲೂಕು, ಹತ್ತಿರದ ಊರು, ಕಿಲೋಮೀಟರ್ ಕಲ್ಲಿನ ನಂಬರ್, ಪ್ರಾಣಿ ಗಂಡೋ ಹೆಣ್ಣೋ, ಎದ್ದು ಓಡಿತೋ ಬಿದ್ದಿದೆಯೋ, ಇಷ್ಟು ಹೇಳಿದರೆ ಸಾಕು. ಕೃಷ್ಣಮೃಗಕ್ಕೆ ಕೊಂಬು ಇದ್ದರೆ ಸಾಮಾನ್ಯವಾಗಿ ಗಂಡು. ಬೆಳೆದ ಗಂಡು ಕೃಷ್ಣಮೃಗದ ಬೆನ್ನು ಕಪ್ಪಾಗಿರುತ್ತದೆ, ಹೆಣ್ಣು ಮತ್ತು ಮರಿ ಕಂದು.

ಗುಂಡಿನ ಸದ್ದು ಕೇಳಿದ್ದರೆ, ತಲೆಗೆ ಟಾರ್ಚ್ ಕಟ್ಟಿಕೊಂಡವರು ಕಂಡಿದ್ದರೆ, ಜಾಡು ಹಿಡಿಯಲು ಹೋಗಲೇಬೇಡಿ. ಅವರೂ ಅದೇ ಪ್ರಾಣಿಯನ್ನು ಹುಡುಕುತ್ತಿರುತ್ತಾರೆ, ಕೈಯಲ್ಲಿ ಬಂದೂಕು ಇರುತ್ತದೆ. ದೂರ ಸರಿದು ಫೋನ್ ಮಾಡಿ.

ಕಾಯುವುದು

ಇದು ಎಲ್ಲಕ್ಕಿಂತ ಕಷ್ಟದ ಹೆಜ್ಜೆ. ಕೈ ಕಟ್ಟಿ ಕೂರುವುದು ಅಂದರೆ ಕಲ್ಲು ಮನಸ್ಸಿನವರ ಕೆಲಸ ಅನ್ನಿಸುತ್ತದೆ. ಆದರೆ ಗಾಯಗೊಂಡ ಜಿಂಕೆಯನ್ನು ಯಾರೂ ಅಟ್ಟದಿದ್ದರೆ ಅದು ಬಹಳ ದೂರ ಹೋಗುವುದಿಲ್ಲ. ಸ್ವಲ್ಪ ಓಡುತ್ತದೆ, ನಿಲ್ಲುತ್ತದೆ, ಹಿಂದಕ್ಕೆ ತಿರುಗಿ ನೋಡುತ್ತದೆ. ಯಾರೂ ಬರುತ್ತಿಲ್ಲ ಅಂತ ಖಾತ್ರಿ ಆದರೆ ಎಲ್ಲಾದರೂ ಮರೆ ನೋಡಿ ಮಲಗುತ್ತದೆ. ಒಮ್ಮೆ ಮಲಗಿದ್ದನ್ನು ಎಬ್ಬಿಸಿದಿರೋ, ಎರಡನೇ ಸಲ ಅದು ಮೈಲಿಗಟ್ಟಲೆ ಹೋಗುತ್ತದೆ.

ಇದನ್ನು ನನಗೆ ಹೇಳಿಕೊಟ್ಟವರು ಕುರಿಹಟ್ಟಿಯ ಒಬ್ಬ ಅಜ್ಜ. ಕಾವಲಿನ (ಹುಲ್ಲುಗಾವಲಿನ) ಅಂಚಿನಲ್ಲಿ ನಾಯಿ ಕಚ್ಚಿದ ಒಂದು ಜಿಂಕೆ ಜಾಲಿ ಪೊದೆಗಳ ಕಡೆ ಹೋಗಿತ್ತು. ಹುಡುಗರು ಎದ್ದು ನಿಂತಾಗ ಅವರು ಕೋಲು ಅಡ್ಡ ಹಿಡಿದು, "ಓಡಿಸ್ಬ್ಯಾಡ್ರಪ್ಪ, ಕುಂತ್ಕಳ್ರಿ ಸುಮ್ನೆ. ಅದೇ ಮಲಗ್ತೈತೆ" ಅಂದರು. ಕುರಿ ಮೇಯಿಸುವವರಿಗೆ ಗಾಯದ ಪ್ರಾಣಿಯ ಬುದ್ಧಿ ಗೊತ್ತಿರುತ್ತದೆ. ನಿಮ್ಮೂರಲ್ಲೂ ಅಂಥವರು ಇದ್ದೇ ಇರುತ್ತಾರೆ, ಮೊದಲು ಅವರನ್ನು ಕರೆಯಿರಿ.

ಕನಿಷ್ಠ ಅರ್ಧ ಗಂಟೆ ಕಾಯಿರಿ. ಹೊಟ್ಟೆಗೆ ಪೆಟ್ಟಾಗಿದೆ ಅನ್ನಿಸಿದರೆ ಇನ್ನೂ ಜಾಸ್ತಿ. ಬೇಟೆಗಾರರೂ ಹೊಟ್ಟೆಗೆ ಗುಂಡು ಬಿದ್ದರೆ ಎಂಟು-ಹತ್ತು ಗಂಟೆ ಕಾಯುತ್ತಾರೆ. ಅಲ್ಲಿ ಕಾಯುವುದು ಅದು ಮಲಗಿದಲ್ಲೇ ಸಾಯಲಿ ಅಂತ. ನಾವು ಕಾಯುವುದು ಡಾಕ್ಟರ್ ಬರುವವರೆಗೆ ಅದು ಮಲಗಿರಲಿ ಅಂತ. ಈ ಹೊತ್ತಿನಲ್ಲಿ ಮಾಡುವ ಕೆಲಸ ಒಂದಿದೆ: ಊರ ನಾಯಿಗಳು ಆ ಕಡೆ ಹೋಗದ ಹಾಗೆ ನೋಡಿಕೊಳ್ಳಿ. ರಕ್ತದ ವಾಸನೆಗೆ ಬರುವವರಲ್ಲಿ ಅವೇ ಮೊದಲು. ನಿಮ್ಮ ಸಾಕುನಾಯಿಯನ್ನೂ ಜಾಡು ಹಿಡಿಯಲು ಬಿಡಬೇಡಿ. ನಮ್ಮ ಮುಧೋಳದ ನಾಯಿ ಕಣ್ಣಲ್ಲಿ ನೋಡಿ ಅಟ್ಟುವ ಜಾತಿ, ಇಲ್ಲಿ ಅದು ಬೇಡವೇ ಬೇಡ.

ಪೆಟ್ಟು ಬಿದ್ದ ಜಾಗ ಓದುವುದು

ಕಾದ ಮೇಲೆ ಇಬ್ಬರೇ ಹೋಗಿ. ಒಬ್ಬರು ನೆಲ ನೋಡಬೇಕು, ಇನ್ನೊಬ್ಬರು ಮುಂದೆ ನೋಡಬೇಕು. ಮೂರನೆಯವರು ರಸ್ತೆಯಲ್ಲಿ ನಿಂತು ಜೀಪಿಗೆ ದಾರಿ ತೋರಿಸಲಿ. ಗುಂಪು ಬೇಡ.

ಪೆಟ್ಟು ಬಿದ್ದ ಜಾಗದಲ್ಲಿ ಕೂದಲು, ರಕ್ತ, ಚರ್ಮ ಏನಿದೆ ನೋಡಿ. ರಕ್ತದ ಬಣ್ಣ ಬಹಳ ಹೇಳುತ್ತದೆ. ತಿಳಿಗೆಂಪು, ಮೇಲೆ ಸಣ್ಣ ಸಣ್ಣ ನೊರೆಗುಳ್ಳೆ ಇದ್ದರೆ ಶ್ವಾಸಕೋಶಕ್ಕೆ ಪೆಟ್ಟಾಗಿದೆ, ಪ್ರಾಣಿ ಹತ್ತಿರದಲ್ಲೇ ಇರುತ್ತದೆ. ಕಪ್ಪುಗೆಂಪಾಗಿ ಮಂದ ಇದ್ದರೆ ಪಿತ್ತಜನಕಾಂಗಕ್ಕೆ ಪೆಟ್ಟಾಗಿರಬಹುದು. ರಕ್ತದ ಜೊತೆ ಹಸಿರು ಹಸಿರಾದ ಮೇವಿನ ಚೂರು, ಕೆಟ್ಟ ವಾಸನೆ ಬಂದರೆ ಹೊಟ್ಟೆ ತೂತಾಗಿದೆ. ಮೊದಲು ಧಾರಾಳವಾಗಿ ಬಿದ್ದು ನೂರು ಹೆಜ್ಜೆಯಲ್ಲಿ ನಿಂತುಹೋದರೆ ಬರೀ ಮಾಂಸಖಂಡದ ಗಾಯ ಇರಬಹುದು. ಫೋನಿನಲ್ಲಿ ಇದನ್ನು ಹೇಳಿದರೆ ಡಾಕ್ಟರಿಗೆ ಏನು ತರಬೇಕು ಅಂತ ಗೊತ್ತಾಗುತ್ತದೆ.

ಒಂದು ಎಚ್ಚರಿಕೆ. ವಾಹನ ಗುದ್ದಿದ ಪ್ರಾಣಿಯಲ್ಲಿ ಹೊರಗೆ ಒಂದು ಹನಿ ರಕ್ತವೂ ಕಾಣದೆ ಒಳಗೆ ಸುರಿಯುತ್ತಿರಬಹುದು. ನಾಯಿ ಕಚ್ಚಿದ ಗಾಯವೂ ಹಾಗೇ, ಹೊರಗೆ ನಾಲ್ಕು ತೂತು, ಒಳಗೆ ಹರಿದು ಚಿಂದಿ. "ರಕ್ತ ಇಲ್ಲ, ಏನೂ ಆಗಿಲ್ಲ ಬಿಡಿ" ಅಂತ ವಾಪಸ್ ಬರಬೇಡಿ.

ಕೆಂಪು ಮಣ್ಣಲ್ಲಿ ರಕ್ತ ಹುಡುಕುವುದು

ಚಿತ್ರದುರ್ಗದ ಕೆಂಪು ನೆಲದಲ್ಲಿ ಇದು ದೊಡ್ಡ ತಲೆನೋವು. ಬಿಸಿಲಿಗೆ ಹನಿ ಬೇಗ ಒಣಗಿ ಮಣ್ಣಿನ ಬಣ್ಣವೇ ಆಗುತ್ತದೆ. ಒಂದು ಬಿಳಿ ಹತ್ತಿ ತುಂಡನ್ನು ನೀರಲ್ಲಿ ಅದ್ದಿ, ಹಿಂಡಿ, ಅನುಮಾನ ಇರುವ ಕಲೆಯ ಮೇಲೆ ಮೆಲ್ಲಗೆ ಒತ್ತಿ ನೋಡಿ. ರಕ್ತ ಆದರೆ ಹತ್ತಿಯ ನಡುವೆ ಗುಲಾಬಿ ಬಣ್ಣ ಏರಿ ಸುತ್ತಲೂ ಹರಡುತ್ತದೆ. ಮಣ್ಣಾದರೆ ಇಟ್ಟಿಗೆ ಪುಡಿಯ ಹಾಗೆ ಕಣಕಣವಾಗಿ ಅಂಟುತ್ತದೆ, ಹರಡುವುದಿಲ್ಲ. ಮೆಡಿಕಲ್ ಶಾಪಿನಲ್ಲಿ ಸಿಗುವ ಹೈಡ್ರೋಜನ್ ಪೆರಾಕ್ಸೈಡ್ ಇದ್ದರೆ ಒಂದು ಹನಿ ಬಿಡಿ. ರಕ್ತದ ಮೇಲೆ ಅದು ಜುಮ್ ಅಂತ ಬಿಳಿ ನೊರೆ ಬರಿಸುತ್ತದೆ. ನೆಲದ ಕಲೆಗೆ ಮಾತ್ರ ಇದು, ಪ್ರಾಣಿಯ ಗಾಯಕ್ಕೆ ಹಾಕಬೇಡಿ.

ನೆಲಕ್ಕಿಂತ ಹುಲ್ಲು ಮೇಲು. ಹುಲ್ಲಿನ ಎಸಳಿನ ಬದಿಯಲ್ಲಿ ಒರೆಸಿದ ರಕ್ತ ಎಷ್ಟು ಎತ್ತರದಲ್ಲಿದೆ ನೋಡಿದರೆ ಗಾಯ ಕಾಲಲ್ಲೋ ಪಕ್ಕೆಯಲ್ಲೋ ತಿಳಿಯುತ್ತದೆ. ಎಡಗಡೆ ಎಸಳಿಗೆ ಮಾತ್ರ ಅಂಟಿದ್ದರೆ ಗಾಯ ಎಡಪಕ್ಕೆಯದು. ಓಡುವಾಗ ಬಿದ್ದ ಹನಿ ದುಂಡಗಿರುವುದಿಲ್ಲ, ಒಂದು ಕಡೆ ಬಾಲ ಚಿಮ್ಮಿರುತ್ತದೆ. ಆ ಬಾಲ ಹೋದ ದಿಕ್ಕಿಗೇ ಪ್ರಾಣಿ ಹೋಗಿದೆ. ಇರುವೆ, ನೊಣ ಗುಂಪುಗೂಡಿದ ಕಡೆ ಬಗ್ಗಿ ನೋಡಿ. ನಮ್ಮ ಕಣ್ಣು ಸೋತಲ್ಲಿ ಅವು ಮೊದಲೇ ತಲುಪಿರುತ್ತವೆ.

ಗೊರಸಿನ ಗುರುತು

ರಕ್ತ ನಿಂತ ಮೇಲೆ ಉಳಿಯುವುದು ಹೆಜ್ಜೆ ಒಂದೇ. ದಾವಣಗೆರೆ ಕಡೆಯ ಎರೆ ಹೊಲದಲ್ಲಿ, ಅದರಲ್ಲೂ ಮಳೆ ಬಿದ್ದ ಮರುದಿನ, ಅಚ್ಚು ಒತ್ತಿದ ಹಾಗೆ ಕಾಣುತ್ತದೆ. ಬೇಸಿಗೆಯ ಗಟ್ಟಿ ನೆಲದಲ್ಲಿ ಬರೀ ಗೀರು.

ನಮ್ಮ ಕಡೆ ತೊಂದರೆ ಏನೆಂದರೆ ಎಲ್ಲೆಡೆ ಕುರಿ-ಮೇಕೆ ಹೆಜ್ಜೆ. ಕುರಿಯ ಗೊರಸಿನ ತುದಿ ಮೊಂಡು. ಜಿಂಕೆಯದು ಮುಂದಕ್ಕೆ ಚೂಪಾಗಿ, ಸೀಳಿದ ಹೃದಯದ ಹಾಗೆ ಕಿರಿದಾಗಿರುತ್ತದೆ. ಕುರಿಗಳು ನೂರಾರು ಒಟ್ಟಿಗೆ ತುಳಿದಿರುತ್ತವೆ, ಗಾಯದ ಜಿಂಕೆ ಒಂಟಿ. ಹಿಂಡಿನಿಂದ ಒಂದು ಜೊತೆ ಹೆಜ್ಜೆ ಬೇರೆಯಾಗಿ ಬೇರೆ ದಿಕ್ಕಿಗೆ ಹೋಗಿದ್ದರೆ, ಬಹುತೇಕ ಅದೇ ನಿಮ್ಮ ಜಾಡು.

ಆರೋಗ್ಯವಾಗಿ ನಡೆಯುವಾಗ ಹಿಂಗಾಲು ಮುಂಗಾಲಿನ ಅಚ್ಚಿನ ಮೇಲೇ ಬೀಳುತ್ತದೆ. ಓಡುವಾಗ ಎರಡು ಗೊರಸೂ ಅಗಲವಾಗಿ ಬಿಚ್ಚಿಕೊಂಡು ಆಳಕ್ಕೆ ಇಳಿದಿರುತ್ತವೆ, ಮಣ್ಣು ಹಿಂದಕ್ಕೆ ಚಿಮ್ಮಿರುತ್ತದೆ. ಕಾಲು ಮುರಿದಿದ್ದರೆ ಮೂರು ಅಚ್ಚು, ನಾಲ್ಕನೆಯದರ ಜಾಗದಲ್ಲಿ ಕಡ್ಡಿಯಿಂದ ಗೀಚಿದ ಹಾಗೆ ಒಂದು ಗೆರೆ. ಆ ಗೆರೆ ಸಿಕ್ಕರೆ ಬಿಡಬೇಡಿ, ಜಾಡಿನಲ್ಲಿ ಅಷ್ಟು ಸುಲಭದ ಗುರುತು ಇನ್ನೊಂದಿಲ್ಲ. ಅಚ್ಚುಗಳ ಅಂತರ ಕಮ್ಮಿ ಆಗುತ್ತಾ, ದಾರಿ ಅಂಕುಡೊಂಕಾಗುತ್ತಾ ಬಂದರೆ ಪ್ರಾಣಿ ಸೋತಿದೆ, ಮಲಗುವ ಜಾಗ ಹುಡುಕುತ್ತಿದೆ ಅಂತ ಅರ್ಥ. ಅಲ್ಲಿಂದ ಮುಂದೆ ಉಸಿರೂ ಕೇಳದ ಹಾಗೆ ನಡೆಯಬೇಕು.

ಬೆಳಕಿನ ಕಡೆ ಮುಖ ಮಾಡಿ ನೋಡಿ. ಬೆಳಿಗ್ಗೆ ಒಂಬತ್ತರ ಒಳಗೆ, ಸಂಜೆ ನಾಲ್ಕರ ಮೇಲೆ ಓರೆ ಬಿಸಿಲಿನಲ್ಲಿ ಅಚ್ಚಿನೊಳಗೆ ನೆರಳು ನಿಲ್ಲುತ್ತದೆ. ಮಟಮಟ ಮಧ್ಯಾಹ್ನ ಏನೂ ಕಾಣುವುದಿಲ್ಲ. ಕತ್ತಲಾದರೆ ಟಾರ್ಚನ್ನು ಎದೆ ಮಟ್ಟದಲ್ಲಿ ಅಲ್ಲ, ಮೊಣಕಾಲಿಗಿಂತ ಕೆಳಗೆ ಹಿಡಿದು ನೆಲದ ಮೇಲೆ ಅಡ್ಡಡ್ಡ ಬೆಳಕು ಬಿಡಿ.

ಜಾಡಿನ ಮೇಲೆ ಕಾಲಿಡಬೇಡಿ, ಪಕ್ಕದಲ್ಲಿ ನಡೆಯಿರಿ. ಕಂಡ ಪ್ರತಿ ಗುರುತಿನ ಹತ್ತಿರ ಬಿಳಿ ಬಟ್ಟೆಚೂರನ್ನು ಗಿಡಕ್ಕೆ ಸಿಕ್ಕಿಸಿ. ನಾಲ್ಕೈದು ಆದ ಮೇಲೆ ಹಿಂದಕ್ಕೆ ತಿರುಗಿ ನೋಡಿ. ಬಟ್ಟೆಗಳು ಒಂದು ಸಾಲಾಗಿ ಕಾಣುತ್ತವೆ. ಆ ಸಾಲು ಮುಂದಕ್ಕೆ ಎಲ್ಲಿಗೆ ಹೋಗುತ್ತದೆ ಅಂತ ಕಣ್ಣು ಹಾಯಿಸಿದರೆ ಒಂದು ಹಳ್ಳವೋ, ಬೇಲಿಯ ಕಿಂಡಿಯೋ, ದನ ಓಡಾಡುವ ದಾರಿಯೋ ಕಾಣುತ್ತದೆ.

ಜಾಡು ತಪ್ಪಿದಾಗ

ತಪ್ಪೇ ತಪ್ಪುತ್ತದೆ. ಆಗ ಮನಸ್ಸಿಗೆ ಬಂದ ಕಡೆ ನುಗ್ಗಬೇಡಿ. ಕೊನೆಯ ಬಟ್ಟೆಚೂರಿನ ಹತ್ತಿರ ಒಬ್ಬರು ನಿಲ್ಲಲಿ. ಇನ್ನೊಬ್ಬರು ಅದನ್ನು ನಡುವೆ ಇಟ್ಟುಕೊಂಡು ಹತ್ತು ಹೆಜ್ಜೆ ದೂರದಲ್ಲಿ ಒಂದು ಸುತ್ತು, ಸಿಗದಿದ್ದರೆ ಇಪ್ಪತ್ತು, ಆಮೇಲೆ ಮೂವತ್ತು ಹೆಜ್ಜೆಯಲ್ಲಿ ಸುತ್ತು ಹಾಕಲಿ. ಹೊಸದಾಗಿ ಉತ್ತ ಹೊಲ, ಹಳ್ಳದ ಮರಳು, ಬಂಡಿ ದಾರಿಯ ಧೂಳು, ಇಂಥ ಮೆತ್ತನೆ ಜಾಗಗಳನ್ನು ಮೊದಲು ನೋಡಿ. ಜಿಂಕೆ ದಾಟಿದ್ದರೆ ಅಲ್ಲಿ ಅಚ್ಚು ಸಿಕ್ಕೇ ಸಿಗುತ್ತದೆ.

ಯಾವ ಜಿಂಕೆ ಅನ್ನುವುದೂ ಮುಖ್ಯ. ಕೃಷ್ಣಮೃಗ ಬಯಲಿನ ಪ್ರಾಣಿ. ಚಳ್ಳಕೆರೆಯ ಅಮೃತಮಹಲ್ ಕಾವಲುಗಳಂಥ ಹುಲ್ಲುಗಾವಲು ಅದರ ಮನೆ. ಕಣ್ಣಿನ ಮೇಲೆ, ಕಾಲಿನ ಮೇಲೆ ಅದಕ್ಕೆ ನಂಬಿಕೆ. ದಟ್ಟ ಕಾಡಿಗೆ ನುಗ್ಗುವ ಬದಲು ಬದುವಿನ ನೆರಳು, ಎತ್ತರದ ಹುಲ್ಲು, ತೊಗರಿ ಅಥವಾ ಮೆಕ್ಕೆಜೋಳದ ಸಾಲು ಹುಡುಕುತ್ತದೆ. ಮಳೆಗಾಲದ ಕೊನೆಗೆ ಆಳೆತ್ತರ ಬೆಳೆದ ಮೆಕ್ಕೆಜೋಳದೊಳಗೆ ಹೋದರೆ ಒಳಗೆ ನುಗ್ಗಬೇಡಿ. ಹೊಲದ ನಾಲ್ಕೂ ಅಂಚು ಸುತ್ತಿ, ಹೊರಗೆ ಹೋದ ಹೆಜ್ಜೆ ಇದೆಯಾ ನೋಡಿ. ಇಲ್ಲ ಅಂದರೆ ಅದು ಒಳಗೇ ಇದೆ. ಅಷ್ಟು ತಿಳಿದರೆ ನಿಮ್ಮ ಕೆಲಸ ಮುಗಿಯಿತು.

ಕೊಂಡುಕುರಿ ಬೇರೆ. ಒಂಟಿಯಾಗಿ, ಇಲ್ಲವೇ ಜೋಡಿಯಾಗಿ ಕುರುಚಲು ಕಾಡಲ್ಲಿ ಇರುತ್ತದೆ, ನೀರಿನ ಹತ್ತಿರ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗವನ್ನು 2011ರಲ್ಲಿ ಅಭಯಾರಣ್ಯ ಮಾಡಿದ್ದೇ ಇದಕ್ಕಾಗಿ. ಜಾಡು ಅಲ್ಲಿಗೋ ಚಿತ್ರದುರ್ಗದ ಜೋಗಿಮಟ್ಟಿ ಅಭಯಾರಣ್ಯದ ಕಡೆಗೋ ಹೋಗಿ ಕಾಡಿನ ಗಡಿ ಸೇರಿತು ಅಂದರೆ ನೀವು ಅಲ್ಲೇ ನಿಲ್ಲಬೇಕು. ಅಭಯಾರಣ್ಯದೊಳಗೆ ಅನುಮತಿ ಇಲ್ಲದೆ ಹೋಗುವಂತಿಲ್ಲ, ಜೊತೆಗೆ ಆ ಗುಡ್ಡಗಳಲ್ಲಿ ಕರಡಿ, ಚಿರತೆ ಇವೆ.

ರಾತ್ರಿ ಹೊಲಗಳಲ್ಲಿ ನಡೆಯುವವರಿಗೆ ಇನ್ನೂ ದೊಡ್ಡ ಅಪಾಯ ತೆರೆದ ಬಾವಿ. ನಮ್ಮ ಜಿಲ್ಲೆಗಳಲ್ಲಿ ಕಟ್ಟೆ ಇಲ್ಲದ ಹಾಳುಬಾವಿಗಳು ಎಷ್ಟಿವೆ ಅಂತ ನಿಮಗೂ ಗೊತ್ತು. ಹೊಲದ ಯಜಮಾನರನ್ನು ಜೊತೆಗೆ ಕರೆದುಕೊಳ್ಳಿ. ಕಾಲಿಗೆ ಬೂಟು ಇರಲಿ, ಬದುವಿನ ಹುಲ್ಲಲ್ಲಿ ಕೊಳಕುಮಂಡಲ ಇರಬಹುದು.

ಕಂಡಾಗ

ಕಂಡ ತಕ್ಷಣ ಕೂತುಬಿಡಿ. ಐವತ್ತು ಅಡಿಗಿಂತ ಹತ್ತಿರ ಹೋಗಬೇಡಿ. ತಲೆ ಎತ್ತಿ ಕಿವಿ ಆಡಿಸುತ್ತಿದ್ದರೆ ಅದು ನಿಮ್ಮನ್ನು ನೋಡಿದೆ. ಕಣ್ಣಲ್ಲಿ ಕಣ್ಣಿಟ್ಟು ನೋಡದೆ ಪಕ್ಕಕ್ಕೆ ತಿರುಗಿ ಕೂರಿ. ಲೊಕೇಶನ್ ಕಳಿಸಿ. ಫೋನನ್ನು ಸೈಲೆಂಟಿಗೆ ಹಾಕಿ. ಇಲಾಖೆಯವರು ಬರುವವರೆಗೆ ಕಾವಲು ಕೂರುವುದೇ ಕೆಲಸ.

ಮುಟ್ಟುವುದು ಯಾವಾಗ? ಎರಡೇ ಸಂದರ್ಭ. ಪ್ರಾಣಿ ರಸ್ತೆ ಮಧ್ಯ ಬಿದ್ದಿದೆ, ಅಥವಾ ಉರುಳಿನಲ್ಲಿ ಕುತ್ತಿಗೆ ಬಿಗಿದು ಉಸಿರುಗಟ್ಟುತ್ತಿದೆ. ಆಗಲೂ 1926ರವರು ಹೇಳಿದ ಹಾಗೆ ಮಾಡಿ. ಮೊದಲು ಟವೆಲ್ಲಿನಿಂದ ಕಣ್ಣು ಮುಚ್ಚಿ, ಮೂಗಿನ ಹೊಳ್ಳೆ ತೆರೆದಿರಲಿ. ಕಣ್ಣು ಕತ್ತಲಾದರೆ ಅರ್ಧ ಹೆದರಿಕೆ ಇಳಿಯುತ್ತದೆ. ಗಂಡಾದರೆ ಕೊಂಬಿನ ಎದುರು ನಿಲ್ಲಬೇಡಿ. ಪಕ್ಕಕ್ಕೆ ಉರುಳಿಸಿ ಮಲಗಿಸಬೇಡಿ, ಮೆಲುಕು ಹಾಕುವ ಪ್ರಾಣಿಗೆ ಹೊಟ್ಟೆ ಉಬ್ಬರಿಸುತ್ತದೆ. ಎದೆ ಊರಿ, ತಲೆ ಮೇಲಿರುವ ಹಾಗೆ ಕೂರಿಸಿ, ಬೆನ್ನಿನ ಹಿಂದೆ ಹುಲ್ಲಿನ ಚೀಲ ಆನಿಸಿ. ಬಾಯಿಗೆ ನೀರು ಹುಯ್ಯಲೇಬೇಡಿ. ಬಾಯಾರಿದೆ ಪಾಪ ಅಂತ ಎಲ್ಲರೂ ಮಾಡುವ ತಪ್ಪು ಇದು, ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ. ಬಿಸಿಲಿದ್ದರೆ ನೆರಳು ಮಾಡಿ, ಅಷ್ಟು ಸಾಕು. ಅರಿಶಿನ, ಸೀಮೆಎಣ್ಣೆ ಯಾವುದೂ ಬೇಡ.

ಉರುಳನ್ನು ಸಡಿಲ ಮಾಡಿ, ಆದರೆ ಕತ್ತರಿಸಿ ಬಿಟ್ಟುಬಿಡಬೇಡಿ. ಬೈಕಿನ ಕ್ಲಚ್ ವೈರು ಮಾಂಸದೊಳಗೆ ಇಳಿದಿದ್ದರೆ ಅದು ತಂತಿ ಸಮೇತ ಓಡಿ, ವಾರ ಬಿಟ್ಟು ಕೊಳೆತು ಸಾಯುತ್ತದೆ. ತಂತಿ ಕಟ್ಟಿದ ಗೂಟ, ಗಂಟು ಹಾಗೇ ಇರಲಿ. ಅದು ಕೇಸಿಗೆ ಸಾಕ್ಷಿ. ನಾಯಿ ಕಚ್ಚಿದ ಪ್ರಾಣಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ, ರೇಬೀಸ್ ಭಯ ಇದೆ. ಜೊಲ್ಲು ತಾಗಿದರೆ ಸೋಪು ಹಚ್ಚಿ ಹರಿಯುವ ನೀರಲ್ಲಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ.

ಹುಲ್ಲಲ್ಲಿ ಒಂಟಿಯಾಗಿ ಮುದುಡಿ ಮಲಗಿದ ಮರಿ ಕಂಡರೆ, ಮೈಮೇಲೆ ಗಾಯ ಇಲ್ಲದಿದ್ದರೆ, ಎತ್ತಿಕೊಂಡು ಬರಬೇಡಿ. ತಾಯಿಯೇ ಅದನ್ನು ಅಲ್ಲಿ ಅಡಗಿಸಿ ಮೇಯಲು ಹೋಗಿರುತ್ತದೆ. ಹಾಲು ಕೊಡಲು ವಾಪಸ್ ಬರುತ್ತದೆ.

ಸತ್ತಿದ್ದರೆ

ಮುಟ್ಟಬೇಡಿ, ಜಾಗ ಬದಲಿಸಬೇಡಿ. ಸತ್ತ ವನ್ಯಪ್ರಾಣಿಯೂ ಸರ್ಕಾರದ ಸ್ವತ್ತು. ಕೊಂಬು, ಚರ್ಮ, ಮಾಂಸ ಏನನ್ನು ಇಟ್ಟುಕೊಂಡರೂ ಕೇಸು. ಅಕಸ್ಮಾತ್ ನಿಮ್ಮ ವಶಕ್ಕೆ ಬಂದರೆ 48 ಗಂಟೆಯೊಳಗೆ ಪೊಲೀಸ್ ಠಾಣೆಗೋ ಅರಣ್ಯ ಅಧಿಕಾರಿಗೋ ತಿಳಿಸಬೇಕು ಅಂತ ಕಾಯ್ದೆಯಲ್ಲೇ ಇದೆ. ತಕ್ಷಣವೇ ತಿಳಿಸಿ. ಇಲಾಖೆಯವರು ಮಹಜರು ಮಾಡಿ, ಮರಣೋತ್ತರ ಪರೀಕ್ಷೆ ಮಾಡಿಸುತ್ತಾರೆ. ನೀವು ಜಾಡಿಗೆ ಸಿಕ್ಕಿಸಿದ ಬಟ್ಟೆಚೂರುಗಳು ಆಗ ಬಹಳ ಉಪಯೋಗಕ್ಕೆ ಬರುತ್ತವೆ. ಪೆಟ್ಟು ಎಲ್ಲಿ ಬಿತ್ತು, ಎಷ್ಟು ದೂರ ಬಂತು ಅನ್ನುವುದನ್ನು ಅವರು ಆ ಸಾಲಿನ ಮೇಲೇ ಅಳೆಯಬಹುದು.

ಪ್ರಾಣಿ ಉಳಿಯಲಿ, ಸಾಯಲಿ, ಫೋಟೋವನ್ನು ಜಾಗದ ಹೆಸರು ಹಾಕಿ ಗ್ರೂಪಿಗೆ ಬಿಡಬೇಡಿ. ಅಲ್ಲಿ ಜಿಂಕೆ ಇವೆ ಅಂತ ಗೊತ್ತಾದರೆ ಬೇರೆಯವರು ಬರುತ್ತಾರೆ.

ಕುರಿಹಟ್ಟಿಯ ಅಜ್ಜನ ಜೊತೆ ಹುಡುಕಿದ ಆ ಜಿಂಕೆ ಜಾಲಿ ನೆರಳಲ್ಲಿ ಎದೆ ಊರಿ ಮಲಗಿತ್ತು, ನಾವು ನಿಂತಿದ್ದಲ್ಲಿಂದ ಬರೀ ಇನ್ನೂರು ಹೆಜ್ಜೆ ದೂರದಲ್ಲಿ. ಇಲಾಖೆಯವರು ಬರುವ ತನಕ ಅಜ್ಜ ಅದಕ್ಕೆ ಬೆನ್ನು ಹಾಕಿ ಕೂತಿದ್ದರು. ತೊಡೆಯ ಗಾಯಕ್ಕೆ ಹೊಲಿಗೆ ಬಿತ್ತು. ಇಪ್ಪತ್ತು ದಿನ ಬಿಟ್ಟು ಅದೇ ಕಾವಲಿಗೆ ಬಿಟ್ಟರು.

ಮರುದಿನ ಬೆಳಿಗ್ಗೆ ಒಂದು ಕೆಲಸ ಬಾಕಿ ಇರುತ್ತದೆ. ಜಾಡಿನುದ್ದಕ್ಕೂ ಇನ್ನೊಮ್ಮೆ ನಡೆದು ಬಟ್ಟೆಚೂರುಗಳನ್ನೆಲ್ಲ ಬಿಚ್ಚಿಕೊಂಡು ಬನ್ನಿ. ಮೇಯುವ ದನ, ಕುರಿ ಹೊಟ್ಟೆಗೆ ಅವು ಹೋಗಬಾರದು. ಹಾಗೆ ಹೋಗುವಾಗ ಬೇಲಿಯ ಕಿಂಡಿಗಳಲ್ಲಿ ಬೇರೆ ಉರುಳು ಕಟ್ಟಿದ್ದಾರಾ ನೋಡಿ. ಒಂದು ಸಿಕ್ಕ ಕಡೆ ಇನ್ನೂ ಮೂರು ಇರುತ್ತವೆ.